ಶಕುಂತಲಾ ದೇವಿಯವರ ಇನ್ನೊಂದು ಪುಸ್ತಕ

ಶಕುಂತಲಾ ದೇವಿ ಅಂದ್ರೆ ನಮಗೆಲ್ಲ ಲೆಕ್ಕ. ಇಡಗುಂದಿ, ಯಲ್ಲಾಪುರ ಕಡೆಯಿಂದ ಬಂದ ನಮ್ಮಂಥವರಿಗೂ ಮಾನವ ಕಂಪ್ಯೂಟರ್ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಬಾಯಿಪಾಠ. ಅವರು ಸಲಿಂಗಿಗಳ ಪರವಾಗಿ ಇಡೀ ಒಂದು ಪುಸ್ತಕ ಬರೆದಿದ್ದರು ಅನ್ನೋದು ಮಾತ್ರ ಇಂಜಿನಿಯರಿಂಗ್‌ಗೆ ಬಂದ ಮೇಲೆ ಗೊತ್ತಾಯಿತು.

ಹುಟ್ಟಿದ್ದು 1929ರ ನವೆಂಬರ್ 4ರಂದು, ಬೆಂಗಳೂರಿನ ಕನ್ನಡ ಕುಟುಂಬದಲ್ಲಿ. ಅಪ್ಪ ದೇವಸ್ಥಾನದ ಪೂಜೆ ಒಲ್ಲೆ ಎಂದು ಸರ್ಕಸ್ ಸೇರಿದವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಚಮತ್ಕಾರ ಕಲಿಸುವಾಗ ಅವಳ ನೆನಪಿನ ಶಕ್ತಿ ಅವರ ಕಣ್ಣಿಗೆ ಬಿತ್ತು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ, 1944ರಲ್ಲಿ ಅಪ್ಪನ ಜೊತೆ ಲಂಡನ್. ಶಾಲೆಯ ಓದು ಹೆಚ್ಚೇನೂ ಇಲ್ಲ. ನಾಲ್ಕು ವರ್ಷ ಫೀಸು ಕಟ್ಟಿ ಕ್ಯಾಲ್ಕುಲೇಟರ್ ಒತ್ತುವ ನಾವು ಇದನ್ನು ಓದಿ ಸುಮ್ಮನಾಗಬೇಕಷ್ಟೆ.

1977 ಅವರ ದೊಡ್ಡ ವರ್ಷ. ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಯುನಿವ್ಯಾಕ್ ಕಂಪ್ಯೂಟರ್‌ಗೆ 62 ಸೆಕೆಂಡು ಬೇಕಾಯಿತು. ಲೆಕ್ಕದ ಪುಸ್ತಕ 'ಫಿಗರಿಂಗ್' ಬಂದದ್ದೂ ಅದೇ ವರ್ಷ. 'ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್' ಕೂಡ ಅದೇ ವರ್ಷದ್ದು!

ಆಗ 377ನೇ ಕಲಮಿನಡಿ ಜೀವಾವಧಿವರೆಗೂ ಶಿಕ್ಷೆ ಕೊಡಬಹುದಿತ್ತು. ಅಂಥ ಹೊತ್ತಲ್ಲಿ ಅವರು ಇಬ್ಬರು ಭಾರತೀಯ ಯುವಕರನ್ನು, ಕೆನಡಾದಲ್ಲಿ ಮದುವೆಗೆ ಕಾನೂನಿನ ಮಾನ್ಯತೆ ಬಯಸಿದ್ದ ಜೋಡಿಯೊಂದನ್ನು, ದೇವಸ್ಥಾನದ ಅರ್ಚಕರೊಬ್ಬರನ್ನು ಮಾತಾಡಿಸಿ ಬರೆದರು. ತಾನು ಸಲಿಂಗಿಯೂ ಅಲ್ಲ, ಮನೋವೈದ್ಯಳೂ ಅಲ್ಲ, ಇದನ್ನು ಬರೆಯಲು ಮನುಷ್ಯಳಾಗಿರುವುದೇ ತನ್ನ ಅರ್ಹತೆ ಎಂದು ಮೊದಲೇ ತಿಳಿಸಿದರು. ಇದು ಅಪರಾಧವಾಗಿ ಉಳಿಯಬಾರದು ಎಂದರು. ಕನಿಕರ ಸಾಲದು, ಸಹಿಸಿಕೊಂಡರೂ ಸಾಲದು, ಪೂರ್ತಿ ಒಪ್ಪಿಕೊಳ್ಳಬೇಕು ಅನ್ನೋದು ಅವರ ವಾದ. ನಮಗೆ ಹಿಡಿಸಿದ್ದು ಈ ಕೊನೆಯದು. ಹಾಸ್ಟೆಲ್‌ನಲ್ಲಿ 'ಪಾಪ' ಅನ್ನುವವರು ತುಂಬ ಸಿಗ್ತಾರೆ, ಅದೇ ಹುಡುಗನ ಜೊತೆ ರೂಮ್ ಹಂಚಿಕೊಳ್ಳುವವರು ಸಿಗೋದು ಕಷ್ಟ.

ಪುಸ್ತಕವನ್ನು ಹೆಚ್ಚಿನವರು ಗಮನಿಸಲೇ ಇಲ್ಲ. ವೇದಿಕೆ ಹತ್ತಿದರೆ ಜನ ಕೇಳುತ್ತಿದ್ದದ್ದು ಲೆಕ್ಕವನ್ನೇ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಮೇದಕ್‌ನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತರು. ಇದೆಲ್ಲ ಎಲ್ಲರಿಗೂ ನೆನಪಿದೆ.

ಪುಸ್ತಕದ ಸುದ್ದಿ ಬಂದಾಗಲೆಲ್ಲ ಜನ ಕೆದಕೋದು ಅವರ ಮನೆಯ ಕತೆ. ತನ್ನ ದಾಂಪತ್ಯದ ಅನುಭವದಿಂದಲೇ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು ಎಂದು 2001ರ ಸಾಕ್ಷ್ಯಚಿತ್ರವೊಂದರಲ್ಲಿ ಅವರೇ ಹೇಳಿದ್ದರು. 2020ರ ಹಿಂದಿ ಸಿನಿಮಾ ಬೇರೆ ಥರ ಹೇಳಿತು. ಯಾವುದೇ ನಿಜವಿರಲಿ, ಪುಸ್ತಕದ ವಾದ ಅದರ ಮೇಲೆ ನಿಂತಿಲ್ಲ. ಬೇರೆಯವರ ಪರ ಮಾತಾಡಿದವರಿಗೆ ನಿಂಗ್ಯಾಕೆ ಅದು ಅಂತ ಕೇಳೋ ಚಾಳಿ ನಮ್ಮ ಕ್ಯಾಂಪಸ್ಸಲ್ಲೂ ಇದೆ ಬಿಡಿ.

2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟ ತೀರ್ಪು ಆಗಿನ್ನೂ ಜಾರಿಯಲ್ಲಿತ್ತು. ಆ ನವೆಂಬರ್ 4ಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು, ಕ್ಯಾಲ್ಕುಲೇಟರಿನ ಅಕ್ಷರಗಳ ಜೊತೆ. ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು ರದ್ದು ಮಾಡಿತು. ಅದನ್ನು ಸುಪ್ರೀಂ ಕೋರ್ಟೇ ಸರಿಪಡಿಸಿದ್ದು 2018ರ ಸೆಪ್ಟೆಂಬರ್ 6ರಂದು, ಅವರ ಪುಸ್ತಕ ಬಂದು 41 ವರ್ಷಕ್ಕೆ.