ಬಾಳೆಹಣ್ಣು ಹಂಚಿದ ಗಣಿತಜ್ಞ – ಮಹಾವೀರಾಚಾರ್ಯ

ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಗಣಿತಜ್ಞರ ಜೀವನ ಬರಿ ಅಂತ ನಮ್ಮ ಗಣಿತ ಮೇಷ್ಟ್ರು ಹೇಳಿದರು. ರಾಮಾನುಜನ್ ಬಗ್ಗೆ ಆಗಲೇ ಎರಡು ಸಲ ಬಂದಿದೆ. ಅದಕ್ಕೇ ನಾನು ಕನ್ನಡ ನಾಡಿನಲ್ಲೇ ಇದ್ದ ಮಹಾವೀರಾಚಾರ್ಯರನ್ನು ಆರಿಸಿಕೊಂಡೆ. ಇವರು ತೀರ್ಥಂಕರ ವರ್ಧಮಾನ ಮಹಾವೀರ ಅಲ್ಲ. ಹೆಸರು ಒಂದೇ, ವ್ಯಕ್ತಿ ಬೇರೆ. ನಾನೂ ಮೊದಲು ಇಬ್ಬರೂ ಒಬ್ಬರೇ ಅಂತ ತಿಳಿದು ಮೇಷ್ಟ್ರ ಹತ್ತಿರ ನಗಿಸಿಕೊಂಡೆ.

ಮಹಾವೀರಾಚಾರ್ಯರು ಇದ್ದದ್ದು ಕ್ರಿ.ಶ. 850ರ ಸುಮಾರಿಗೆ. ತಂದೆ ತಾಯಿ ಯಾರು, ಊರು ಯಾವುದು ಅಂತ ಅವರು ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿಲ್ಲ. ಆದರೆ ತಮ್ಮ ರಾಜನನ್ನು ಮಾತ್ರ ಬಾಯಿ ತುಂಬ ಹೊಗಳಿದ್ದಾರೆ. ಆ ರಾಜ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. 814ರಿಂದ 878ರವರೆಗೆ ಆಳಿದವನು. ಕನ್ನಡ ಪಾಠದಲ್ಲಿ ಬರುವ ಕವಿರಾಜಮಾರ್ಗ ಹುಟ್ಟಿದ್ದೂ ಇವನ ಕಾಲದಲ್ಲೇ. ರಾಜಧಾನಿ ಮಾನ್ಯಖೇಟ, ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ.

ಅದು ಬಹಳ ದೂರ ಆಯ್ತಲ್ಲ, ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಆಗ ನಮ್ಮ ಶಿಕಾರಿಪುರ, ಸೊರಬದ ಕಡೆಯೆಲ್ಲ ಬನವಾಸಿ ನಾಡಿಗೆ ಸೇರಿತ್ತು. ಅಮೋಘವರ್ಷನ ದಂಡನಾಯಕ ಬಂಕೆಯ ಆ ನಾಡನ್ನು ನೋಡಿಕೊಳ್ಳುತ್ತಿದ್ದ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ನೋಡಿದವರಿಗೆ ಅಲ್ಲಿನ ಬಸದಿ ನೆನಪಿರಬಹುದು. ಅಮೋಘವರ್ಷನ ಮಗ ಎರಡನೇ ಕೃಷ್ಣನ ಕಾಲದಲ್ಲಿ ಜಕ್ಕಿಯಬ್ಬೆ ಎಂಬ ಹೆಂಗಸು ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದಳು ಅಂತ ಅಲ್ಲಿಯ ಶಾಸನ ಹೇಳುತ್ತದೆ. ಎಪ್ಪತ್ತು ಊರಿನ ಕಂದಾಯದ ಲೆಕ್ಕ ಅಂದ್ರೆ ಸುಮ್ಮನೆ ಅಲ್ಲ. ಲೆಕ್ಕ ಬಲ್ಲವರಿಗೆ ಆ ಕಾಲದಲ್ಲಿ ಕೆಲಸ ಇದ್ದೇ ಇತ್ತು.

ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಪುಸ್ತಕದ ಹೆಸರು ಗಣಿತಸಾರಸಂಗ್ರಹ. ಅದರಲ್ಲಿ ಸಾವಿರದ ನೂರಕ್ಕೂ ಹೆಚ್ಚು ಶ್ಲೋಕ ಇವೆ. ಅವರಿಗಿಂತ ಹಿಂದೆ ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಗ್ರಹ ನಕ್ಷತ್ರದ ಪುಸ್ತಕದೊಳಗೆ ಗಣಿತವನ್ನೂ ಸೇರಿಸಿ ಬರೆದಿದ್ದರು. ಇವರು ಬರೀ ಗಣಿತಕ್ಕೇ ಒಂದು ಪುಸ್ತಕ ಮಾಡಿದರು. ಅಡುಗೆ, ವೈದ್ಯ, ಸಂಗೀತ, ನಾಟಕ, ಮನೆ ಕಟ್ಟುವುದು, ಎಲ್ಲಕ್ಕೂ ಗಣಿತ ಬೇಕು ಅನ್ನುವುದು ಅವರ ಮಾತಿನ ಸಾರ. ಅಡುಗೆಯನ್ನು ಸೇರಿಸಿದ್ದು ನಮ್ಮ ಅಮ್ಮನಿಗೆ ತುಂಬ ಹಿಡಿಸಿತು.

ಅದರಲ್ಲಿ ಒಂದು ಲೆಕ್ಕ ನನ್ನ ನಿದ್ದೆ ಕೆಡಿಸಿತು. ಕಾಡಿನ ಅಂಚಿನಲ್ಲಿ ಬಾಳೆಹಣ್ಣಿನ 63 ಗುಡ್ಡೆ ಇವೆ. ಎಲ್ಲ ಗುಡ್ಡೆಯೂ ಸಮ. ಬಿಡಿಯಾಗಿ ಇನ್ನೂ 7 ಹಣ್ಣು ಇವೆ. 23 ದಾರಿಹೋಕರು ಬಂದು ಎಲ್ಲವನ್ನೂ ಸಮನಾಗಿ ಹಂಚಿಕೊಂಡರು, ಒಂದೂ ಉಳಿಯಲಿಲ್ಲ. ಹಾಗಾದರೆ ಒಂದು ಗುಡ್ಡೆಯಲ್ಲಿ ಎಷ್ಟು ಹಣ್ಣು?

ನಾವು ಕಲಿತ ಭಾಜ್ಯತೆಯ ನಿಯಮ ಇಲ್ಲಿ ನಡೆಯೋದಿಲ್ಲ. 2ಕ್ಕೆ, 5ಕ್ಕೆ ಕೊನೆಯ ಅಂಕಿ ನೋಡಿದರೆ ಸಾಕು. 3ಕ್ಕೆ, 9ಕ್ಕೆ ಅಂಕಿಗಳನ್ನು ಕೂಡಿದರೆ ಸಾಕು. 23ಕ್ಕೆ ಏನು ಮಾಡೋದು? ನಾನು ಸುಮ್ಮನೆ ಒಂದೊಂದೇ ಹಾಕಿ ನೋಡಿದೆ. ಗುಡ್ಡೆಗೆ 1 ಹಣ್ಣು ಅಂದ್ರೆ ಒಟ್ಟು 70, 23ರಿಂದ ಭಾಗಿಸಿದರೆ ಶೇಷ 1. ಗುಡ್ಡೆಗೆ 2 ಅಂದ್ರೆ 133, ಶೇಷ 18. 3 ಅಂದ್ರೆ 196, ಶೇಷ 12. ಆಗ ಏನೋ ಹೊಳೆಯಿತು. 18, 12, ಆರಾರು ಇಳೀತಾ ಇದೆ! 4 ಹಾಕಿದರೆ 259, ಶೇಷ 6. 5 ಹಾಕಿದರೆ 322, ಶೇಷ ಸೊನ್ನೆ. ಗುಡ್ಡೆಗೆ 5 ಹಣ್ಣು, ಒಬ್ಬೊಬ್ಬರಿಗೆ 14. ಆರಾರು ಯಾಕೆ ಇಳಿಯಿತು ಅಂದ್ರೆ, 23 ಮೂರಲೆ 69. 63 ಅದಕ್ಕಿಂತ 6 ಕಡಿಮೆ. ಇಂಥ ಲೆಕ್ಕಕ್ಕೆ ಹೀಗೆ ತಡಕಾಡದೆ ಬಿಡಿಸುವ ಕ್ರಮವನ್ನು ಆಚಾರ್ಯರು ಕೊಟ್ಟಿದ್ದಾರೆ, ಅದಕ್ಕೆ ಕುಟ್ಟೀಕಾರ ಅಂತ ಹೆಸರು. ಕುಟ್ಟಿ ಕುಟ್ಟಿ ದೊಡ್ಡ ಸಂಖ್ಯೆಯನ್ನು ಪುಡಿ ಮಾಡೋದು ಅಂದುಕೊಳ್ಳಿ.

ಭಿನ್ನರಾಶಿ ಕೂಡುವಾಗ ನಾವು ತೆಗೆಯುವ ಲ.ಸಾ.ಅ. ಕೂಡ ಅವರ ಪುಸ್ತಕದಲ್ಲಿದೆ. ಅವರು ಅದನ್ನು ನಿರುದ್ಧ ಅಂತ ಕರೆದರು. ಹೋದ ಪರೀಕ್ಷೆಯಲ್ಲಿ ಛೇದ 45, 63 ಬಂದಾಗ ನಾನು ಎರಡನ್ನೂ ಗುಣಿಸಿ 2835 ಬರೆದು, ಮುಂದೆ ಲೆಕ್ಕ ಜಾಸ್ತಿಯಾಗಿ ತಪ್ಪಿ, ಮೂರು ಅಂಕ ಕಳಕೊಂಡೆ. 4 ಮತ್ತು 5 ಕೂಡಿದರೆ 9, 6 ಮತ್ತು 3 ಕೂಡಿದರೂ 9. ಎರಡೂ 9ರಿಂದ ಭಾಗವಾಗುತ್ತವೆ ಅಂತ ಅಲ್ಲೇ ಕಾಣುತ್ತಿತ್ತು. 9 ಹೊರಗೆ, ಉಳಿದದ್ದು 5 ಮತ್ತು 7. ಗುಣಿಸಿದರೆ 315. ಮುಗೀತು!

ಇನ್ನು ಅವರ ಮಾಲೆಗಳು. ಗುಣಿಸಿದರೆ ಹಾರದ ಹಾಗೆ ಎರಡು ಕಡೆಯಿಂದ ಓದಿದರೂ ಒಂದೇ ಆಗುವ ಸಂಖ್ಯೆಗಳನ್ನು ಅವರು ಹುಡುಕಿ ಇಟ್ಟಿದ್ದಾರೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು, 111111111. 142857143ನ್ನು 7ರಿಂದ ಗುಣಿಸಿದರೆ 1000000001. ಇದು ನಿಜವೋ ಅಂತ ನಾನು ಪರೀಕ್ಷೆ ಮಾಡಿದೆ. 7, 11, 13 ಮೂರನ್ನೂ ಗುಣಿಸಿದರೆ 1001 ಬರುತ್ತದೆ. ಆದ್ದರಿಂದ ಯಾವುದೇ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಕಡಿದು, ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋಗಬೇಕು. ಸೊನ್ನೆ ಬಂದರೆ ಅದು ಮೂರರಿಂದಲೂ ಭಾಗವಾಗುತ್ತದೆ. 1, 000, 000, 001 ಅಂತ ಕಡಿದರೆ, 1 ಕಳೆ 0 ಕೂಡು 0 ಕಳೆ 1, ಸೊನ್ನೆ! ಆಚಾರ್ಯರ ಮಾಲೆ ಗಟ್ಟಿ. (ಈ ಪರೀಕ್ಷೆ ಮೇಷ್ಟ್ರು ಕಲಿಸಿದ್ದು, ಆಚಾರ್ಯರ ಪುಸ್ತಕದ್ದಲ್ಲ.)

ಈಗ ಜಗಳದ ವಿಷಯ. ಆಚಾರ್ಯರು ಒಂದು ಕಡೆ ತಪ್ಪಿದ್ದಾರೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂದುಬಿಟ್ಟರು. ಇದನ್ನು ಬರೆಯಬೇಡ, ದೊಡ್ಡವರ ತಪ್ಪನ್ನು ಗೋಡೆಗೆ ಅಂಟಿಸಬಾರದು ಅಂತ ನನ್ನ ಬೆಂಚಿನ ಗೆಳೆಯ ಹಟ ಹಿಡಿದ. ಎರಡು ದಿನ ಮಾತು ಬಿಟ್ಟ. ನನಗೂ ಬೇಜಾರಾಯ್ತು. ಮೇಷ್ಟ್ರನ್ನು ಕೇಳಿದರೆ ನೀವೇ ತೀರ್ಮಾನ ಮಾಡಿ ಅಂದರು. ಆಮೇಲೆ ಇಬ್ಬರೂ ಕೂತು ನೋಡಿದೆವು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ಬುಟ್ಟಿಯ ಹಣ್ಣು ಬುಟ್ಟಿಯಲ್ಲೇ ಇರುತ್ತದೆ, ಅಷ್ಟರ ಮಟ್ಟಿಗೆ ಸರಿ ಅನ್ನಿಸುತ್ತದೆ. ಆದರೆ ಭಾಗಾಕಾರವನ್ನು ಗುಣಿಸಿ ತಾಳೆ ನೋಡಬೇಕಲ್ಲ? 12ನ್ನು ಸೊನ್ನೆಯಿಂದ ಭಾಗಿಸಿ 12 ಬಂದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗ 12 ಬರಬೇಕು. ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಅಂತ ಆಚಾರ್ಯರೇ ಹೇಳಿದ್ದಾರೆ! ಅವರ ತಪ್ಪು ಅವರ ನಿಯಮದಿಂದಲೇ ಸಿಕ್ಕಿಬಿತ್ತು. ಗೆಳೆಯ ನಕ್ಕ. ಈ ಭಾಗವನ್ನು ಇಲ್ಲಿ ದುಂಡಗೆ ಬರೆದುಕೊಟ್ಟಿದ್ದು ಅವನೇ.

ಗಣಿತಸಾರಸಂಗ್ರಹ ಹನ್ನೊಂದನೇ ಶತಮಾನದಲ್ಲೇ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಹೋಯಿತು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದ ಜೊತೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂತು. ಎಲ್ಲಿಂದ ಗೊತ್ತಾ? ನಮ್ಮ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹೊಂಬುಜದಿಂದ.

ಕೊನೆಗೆ ನಿಮಗೊಂದು ಕೆಲಸ. 12345654321 ಕೂಡ ಆಚಾರ್ಯರ ಮಾಲೆಯೇ. ಅದು 441ರಿಂದ ಭಾಗವಾಗುತ್ತದೆ. 441 ಅಂದ್ರೆ 9, 7, ಮತ್ತೆ 7. ಅಂಕಿ ಕೂಡಿದರೆ 36, ಆದ್ದರಿಂದ 9 ಸರಿ. ಮೂರು ಮೂರಾಗಿ ಕಡಿದರೆ ಒಂದು 7 ಸಿಗುತ್ತದೆ. ಎರಡನೇ 7 ಹೇಗೆ ಹಿಡಿಯೋದು? ಮಾಡಿ ನೋಡಿ. ಆಗದಿದ್ದರೆ ಊಟದ ಬಿಡುವಿನಲ್ಲಿ ನನ್ನನ್ನು ಕೇಳಿ.