ಸರ್ ಸಯ್ಯದ್ ಅಹ್ಮದ್ ಖಾನ್: ನಿಂದನೆಯ ನಡುವೆ ನಿಂತ ನಾಯಕ

ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯದ ಹೆಸರು ನಿಮಗೆಲ್ಲ ಗೊತ್ತು. ಅದಕ್ಕೆ ಬುನಾದಿ ಹಾಕಿದ ಸರ್ ಸಯ್ಯದರನ್ನು ಅವರ ಕಾಲದ ಅನೇಕರು ಕಾಫಿರ್ ಎಂದು ಕರೆದಿದ್ದರೆಂದರೆ ನೀವು ನಂಬುವಿರಾ?

1817ರ ಅಕ್ಟೋಬರ್ 17ರಂದು ಅವರು ದೆಹಲಿಯ ಪ್ರತಿಷ್ಠಿತ ಮನೆತನದಲ್ಲಿ ಜನಿಸಿದರು. ತಾಯಿಯ ತಂದೆ ಮೊಗಲ್ ದರ್ಬಾರಿನ ವಜೀರರಾಗಿದ್ದರು. ಸಯ್ಯದರು ಕಂಪನಿ ಸರ್ಕಾರದ ನ್ಯಾಯಾಂಗ ಇಲಾಖೆ ಸೇರಿದರು. 1847ರಲ್ಲಿ ದೆಹಲಿಯ ಪುರಾತನ ಕಟ್ಟಡಗಳ ಬಗ್ಗೆ 'ಆಸಾರುಸ್ಸನಾದೀದ್' ಗ್ರಂಥ ಬರೆದು ವಿದ್ವಾಂಸರೆನಿಸಿದರು.

1857ರ ದಂಗೆಯಲ್ಲಿ ಅವರ ದೆಹಲಿ ಹಾಳಾಯಿತು. ಕಷ್ಟಗಳಿಂದ ಬಳಲಿದ ತಾಯಿ ಅದೇ ವರ್ಷ ತೀರಿಕೊಂಡರು. ಹೊಸ ವಿದ್ಯೆ ಕಲಿಯದೆ ಕೌಮಿಗೆ ಏಳಿಗೆಯಿಲ್ಲವೆಂದು ಅವರು ನಿರ್ಧರಿಸಿದರು. 1864ರಲ್ಲಿ ಗಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಸ್ಥಾಪಿಸಿ, ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರಲು ಮುಂದಾದರು.

ಆದರೆ ಬದಲಾವಣೆಯ ಮಾತು ಊಟದ ಮನೆಗೂ ನಂಬಿಕೆಗೂ ಬಂದಾಗ ಜನ ಸಿಡಿದೆದ್ದರು. ಕ್ರೈಸ್ತರೊಡನೆ ಕುಳಿತು ಊಟ ಮಾಡುವುದು ಹರಾಮ್ ಅಲ್ಲವೆಂದು ಅವರು ಬರೆದರು. ಇಂಗ್ಲೆಂಡಿನಿಂದ ಮರಳಿ 1870ರಲ್ಲಿ 'ತಹಜೀಬುಲ್ ಅಖ್ಲಾಕ್' ಪತ್ರಿಕೆ ಆರಂಭಿಸಿದರು. ಅಲ್ಲಾಹನ ವಾಣಿಗೂ ಅವನ ಸೃಷ್ಟಿಯ ನಿಯಮಗಳಿಗೂ ವಿರೋಧವಿರದು ಎಂಬುದು ಅವರ ವಾದ. ಅನೇಕ ಉಲೆಮಾಗಳು ಇದನ್ನೊಪ್ಪಲಿಲ್ಲ. ಅವರಿಗೆ 'ನೇಚರಿ' ಎಂಬ ಹೆಸರಿಟ್ಟರು. ಮಕ್ಕಾದಿಂದಲೂ ಫತ್ವಾ ತರಿಸಲಾಯಿತು.

ಆಗ ಅವರೇನು ಮಾಡಿದರು ಗೊತ್ತೇ? ತಮ್ಮ ಅಭಿಪ್ರಾಯ ಬಿಡಲಿಲ್ಲ. ಅದನ್ನು ಮಕ್ಕಳ ಮೇಲೆ ಹೇರಲೂ ಇಲ್ಲ. ತಮ್ಮ ಮೇಲಿನ ಕೋಪಕ್ಕೆ ಶಾಲೆ ಬಲಿಯಾಗಬಾರದೆಂದು ಧಾರ್ಮಿಕ ಶಿಕ್ಷಣದ ಹೊಣೆಯನ್ನು ಬೇರೆಯವರಿಗೆ ಒಪ್ಪಿಸಿ ತಾವು ದೂರ ಉಳಿದರು. ಚಂದಾಕ್ಕಾಗಿ ಊರೂರು ಅಲೆದರು, ನಾಟಕದ ವೇದಿಕೆಯನ್ನೂ ಹತ್ತಿದರು. 1875ರಲ್ಲಿ ಅಲೀಗಢದಲ್ಲಿ ಶಾಲೆ ತೆರೆಯಿತು. 1877ರಲ್ಲಿ ಕಾಲೇಜಿನ ಶಿಲಾನ್ಯಾಸವಾಯಿತು. ಹಿಂದೂ ವಿದ್ಯಾರ್ಥಿಗಳೂ ಅಲ್ಲಿ ಕಲಿತರು.

ಅವರಲ್ಲೂ ಕೊರತೆಯಿತ್ತು. ಗಂಡುಮಕ್ಕಳು ಮೊದಲು ಕಲಿಯಲಿ ಎಂದು ಹೆಣ್ಣುಮಕ್ಕಳ ಶಾಲೆಯನ್ನು ಮುಂದೂಡಿದರು. ಅಲೀಗಢದಲ್ಲಿ ಆ ಕೆಲಸ 1906ರಲ್ಲಿ ಶೇಖ್ ಅಬ್ದುಲ್ಲಾ ದಂಪತಿಗಳಿಂದ ಆಯಿತು.

1898ರ ಮಾರ್ಚ್ 27ರಂದು ಸರ್ ಸಯ್ಯದರು ನಿಧನರಾದರು. ಬದುಕಿದ್ದಾಗ ಅವರನ್ನು ಲೇವಡಿ ಮಾಡಿದ್ದ ಕವಿ ಅಕ್ಬರ್ ಇಲಾಹಾಬಾದಿಯವರೇ ಅವರ ದುಡಿಮೆಯನ್ನು ಮೆಚ್ಚಿದರು. 1920ರಲ್ಲಿ ಕಾಲೇಜು ವಿಶ್ವವಿದ್ಯಾನಿಲಯವಾಯಿತು.

ವಿದ್ಯಾರ್ಥಿಗಳೇ, ಸರ್ ಸಯ್ಯದರ ಎಲ್ಲ ವಿಚಾರಗಳನ್ನೂ ನೀವು ಒಪ್ಪಬೇಕಿಲ್ಲ. ಅವರ ಶಾಲೆಗೆ ಮಕ್ಕಳನ್ನು ಕಳುಹಿಸಿದ ಎಲ್ಲ ತಂದೆಯರೂ ಒಪ್ಪಿರಲಿಲ್ಲ. ಆದರೆ ನಿಮ್ಮ ಮೊಹಲ್ಲಾದಲ್ಲಿ ಯಾರಾದರೂ ಹೊಸ ಮಾತು ಆಡಿದರೆ, ಅವರಿಗೊಂದು ಹೆಸರಿಡುವ ಮುನ್ನ ಅವರ ಕೆಲಸವನ್ನೊಮ್ಮೆ ನೋಡಿ.