ಪಾಲ್ವಂಕರ್ ಬಾಲೂ

ಭಾರತದ ಮೊದಲ ಶ್ರೇಷ್ಠ ಚೆಂಡೆಸೆತಗಾರರೆಂದು ಕ್ರಿಕೆಟ್ ಚರಿತ್ರೆಯು ಗುರುತಿಸುವ ಪಾಲ್ವಂಕರ್ ಬಾಲೂ ಹುಟ್ಟಿದ್ದು ಧಾರವಾಡದಲ್ಲಿ, 1876ರಲ್ಲಿ. ಅವರ ತಂದೆ ಸೈನ್ಯದಲ್ಲಿ ಸಿಪಾಯಿಯಾಗಿದ್ದರು. ಅವರದು ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟಿದ್ದ ಚಮ್ಮಾರ ಕುಲ.

ಬಾಲೂ ಬೆಳೆದದ್ದು ಪುಣೆಯಲ್ಲಿ. ಸೈನ್ಯಾಧಿಕಾರಿಗಳು ಬಳಸಿ ಬಿಟ್ಟ ಹಳೆಯ ದಾಂಡು, ಚೆಂಡುಗಳಿಂದಲೇ ಅವರು ಆಟ ಕಲಿತರು. ಎಳೆಯ ವಯಸ್ಸಿನಲ್ಲಿ ಪಾರ್ಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಆಟದ ಬಯಲನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅನಂತರ ಐರೋಪ್ಯರ ಪೂನಾ ಕ್ಲಬ್ಬಿನಲ್ಲಿ ಕೆಲಸ ದೊರೆಯಿತು. ಅಲ್ಲಿ ಸಂಬಳ 4 ರೂಪಾಯಿ. ಬಲೆ ಕಟ್ಟುವುದು, ನೆಲ ಸಮಮಾಡುವುದು, ಗೆರೆ ಹಾಕುವುದು ಅವರ ಕೆಲಸ. ಜೊತೆಗೆ ದಾಂಡಿಗರ ಅಭ್ಯಾಸಕ್ಕಾಗಿ ಅವರು ಎಡಗೈಯಿಂದ ಚೆಂಡೆಸೆಯತೊಡಗಿದರು. ಜೆ. ಜಿ. ಗ್ರೇಗ್ ಎಂಬ ಹೆಸರಾಂತ ದಾಂಡಿಗನು, ತನ್ನನ್ನು ಔಟು ಮಾಡಿದಾಗಲೆಲ್ಲ ಬಾಲೂ ಅವರಿಗೆ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿ. ಹೀಗೆ ಅವರ ಎಸೆತವು ಪಳಗಿತು. ಆದರೆ ದಾಂಡು ಹಿಡಿಯುವ ಅವಕಾಶ ಮಾತ್ರ ಅಲ್ಲಿ ಅವರಿಗೆ ದೊರೆಯಲಿಲ್ಲ.

ಇಂಥ ಎಸೆತಗಾರನ ನೆರವು ಪುಣೆಯ ಹಿಂದೂ ತಂಡಕ್ಕೆ ಅಗತ್ಯವಾಗಿತ್ತು. ಆದುದರಿಂದ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಆಟದ ಬಯಲಿನಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ವಿರಾಮದ ವೇಳೆಯಲ್ಲಿಯಾದರೋ ಬಾಲೂ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆಯೇ ತಟ್ಟೆ, ಬೇರೆಯೇ ಎಡೆ. ಬಾಲೂ ಎದುರಾಡಲಿಲ್ಲ; ಎದುರಾಳಿಗಳ ವಿಕೆಟ್ಟುಗಳನ್ನು ಉರುಳಿಸುತ್ತಲೇ ಹೋದರು. ಕೂಡಿ ಆಡುವವರು ಕೂಡಿ ಉಣ್ಣಲೂ ಬೇಕೆಂಬ ಭಾವವನ್ನು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಹಿರಂಗವಾಗಿ ವ್ಯಕ್ತಪಡಿಸಿದರು.

ಮುಂದೆ ಬಾಲೂ ಮುಂಬಯಿಗೆ ಬಂದು ಹಿಂದೂ ಜಿಮ್ಖಾನಾ ತಂಡವನ್ನು ಸೇರಿದರು. 1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಐರೋಪ್ಯರಿಗೂ ಪಂದ್ಯವೇರ್ಪಟ್ಟಿತು. ಆಳುವವರೊಡನೆ ಆಳಿಸಿಕೊಳ್ಳುವವರು ಸಮಬಲರಾಗಿ ನಿಲ್ಲುವ ಸಂದರ್ಭವದು. ಮೊದಲ ಸರದಿಯಲ್ಲಿ ಹಿಂದೂಗಳು 242, ಐರೋಪ್ಯರು 191 ಓಟಗಳನ್ನು ಪಡೆದರು. ಎರಡನೆಯ ಸರದಿಯಲ್ಲಿ ಹಿಂದೂಗಳ ಗಳಿಕೆ 160. ಗೆಲ್ಲಲು ಬೇಕಾದ ಓಟಗಳನ್ನು ಅರಸುತ್ತ ಬಂದ ಐರೋಪ್ಯ ದಾಂಡಿಗರು ಬಾಲೂ ಅವರ ಎಸೆತಗಳಿಗೆ ನಿಲ್ಲಲಾರದೆ 102ಕ್ಕೆ ಕುಸಿದರು. ಆ ಸರದಿಯಲ್ಲಿ 5, ಒಟ್ಟು ಪಂದ್ಯದಲ್ಲಿ 8 ವಿಕೆಟ್ಟುಗಳು ಬಾಲೂ ಅವರ ಪಾಲಾದವು. ಹಿಂದೂಗಳು 109 ಓಟಗಳಿಂದ ಜಯಶಾಲಿಗಳಾದರು. ಗೆಲುವಿನ ಈ ಉತ್ಸಾಹದಲ್ಲಿ ಜಾತಿಯ ಕಟ್ಟು ತುಸು ಸಡಿಲಿತು. ಬಾಲೂ ಮತ್ತು ಅವರ ತಮ್ಮ ಶಿವರಾಮರು ಒಡನಾಡಿಗಳ ಪಂಕ್ತಿಯಲ್ಲಿ ಕುಳಿತು ಉಂಡದ್ದನ್ನು ಸುಧಾರಕರು ಮೆಚ್ಚಿಕೊಂಡರು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ಭಾರತ ತಂಡವು ಇಂಗ್ಲೆಂಡಿಗೆ ಹೋಯಿತು. ತಂಡವು ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಭುಜದ ನೋವಿನ ನಡುವೆ ಬಾಲೂ 114 ವಿಕೆಟ್ಟುಗಳನ್ನು ಪಡೆದು ಅಲ್ಲಿಯವರ ಪ್ರಶಂಸೆಗೆ ಪಾತ್ರರಾದರು.

ಇಷ್ಟಾದರೂ ತಂಡದ ನಾಯಕ ಪದವಿ ಅವರಿಗೆ ಒಲಿಯಲಿಲ್ಲ. ಚೆಂಡೆಸೆಯಲು ಬೇಕಾದ ಕೈ ಆಜ್ಞೆ ಮಾಡಲು ಬೇಡವಾಗಿತ್ತು. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ, ತಮ್ಮಂದಿರಾದ ಶಿವರಾಮ, ವಿಠ್ಠಲರು ಪ್ರತಿಭಟಿಸಿ ಆಟದಿಂದ ಹಿಂದೆ ಸರಿದರು. ಆ ಬಳಿಕ ಬಾಲೂ ಉಪನಾಯಕರಾದರು. ಅಣ್ಣನಿಗೆ ಸಲ್ಲದ ನಾಯಕ ಪದವಿಯು 1923ರಲ್ಲಿ ತಮ್ಮ ವಿಠ್ಠಲರಿಗೆ ಸಂದಿತು. ಆ ವರ್ಷ ಹಿಂದೂ ತಂಡವೇ ಗೆದ್ದಿತು.

ಬಾಲೂ ಮುಂದೆ ಸಾರ್ವಜನಿಕ ಜೀವನಕ್ಕೂ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಡಾ. ಅಂಬೇಡ್ಕರರ ಎದುರು ಕಾಂಗ್ರೆಸ್ಸಿನ ಪರವಾಗಿ ನಿಂತು, ಸುಮಾರು ಎರಡು ಸಾವಿರ ಮತಗಳಿಂದ ಸೋತರು. 1955ರಲ್ಲಿ ಅವರು ತೀರಿಕೊಂಡರು.

ಬಾಲೂ ಅವರ ಮುಂದೆ ಎರಡು ಬಗೆಯ ಎದುರಾಳಿಗಳಿದ್ದರು: ದಾಂಡು ಹಿಡಿದು ಎದುರಿಗೆ ನಿಂತವರು, ಮತ್ತು ಒಂದೇ ತಂಡದಲ್ಲಿದ್ದೂ ದೂರ ನಿಂತವರು. ಮೊದಲನೆಯವರನ್ನು ಅವರ ಎಸೆತ ಗೆದ್ದಿತು. ಎರಡನೆಯವರನ್ನು ಗೆಲ್ಲುವುದು ಒಬ್ಬರಿಂದ ಮುಗಿಯುವ ಕೆಲಸವಲ್ಲ. ಅದು ಮುಂದಿನ ತಲೆಮಾರುಗಳ ಹೊಣೆಯೂ ಹೌದು.